ಮಗುವಿನ ತಲೆಬುರುಡೆಗೆ ರೇಡಿಯೇಷನ್ ಇಲ್ಲದ ಸ್ಕ್ಯಾನ್: ಮಾಡಿಸೋದು ಹೇಗೆ?

ರೇಡಿಯೇಷನ್ ಇಲ್ಲದ ಸ್ಕ್ಯಾನ್ ಅಂದ್ರೆ ಇಲ್ಲಿ ಎಂಆರ್‌ಐ, ಅದು ಅಯಸ್ಕಾಂತದಿಂದ ಚಿತ್ರ ತೆಗೆಯುತ್ತೆ; ಸಿಟಿ ಸ್ಕ್ಯಾನ್‌ನಲ್ಲಿ ಎಕ್ಸ್‌ರೇ ರೇಡಿಯೇಷನ್ ಇರುತ್ತೆ. ಮೊದಲನೇದಾಗಿ, ಬಿದ್ದ ಮಗು ಪ್ರಜ್ಞೆ ತಪ್ಪಿದ್ರೆ, ಮೇಲಿಂದ ಮೇಲೆ ವಾಂತಿ ಮಾಡ್ತಿದ್ರೆ, ಫಿಟ್ಸ್ ಬಂದ್ರೆ, ಕಿವಿ ಮೂಗಿಂದ ರಕ್ತ ಇಲ್ಲಾ ನೀರು ಸೋರ್ತಿದ್ರೆ ಎಂಆರ್‌ಐ ಅಂತ ಕಾಯ್ಲೇಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ, ಅಲ್ಲಿ ಸಿಟಿ ಅಂದ್ರೆ ಸಿಟಿನೇ ಮಾಡಿಸಿ. ಮುಂದಿನದೆಲ್ಲ ಮಗು ಆರಾಮಾಗಿದ್ದು, ಬುರುಡೆ ಬಿರುಕು ಬಿಟ್ಟಿದೆಯಾ ಅಂತ ನೋಡ್ಬೇಕಾದಾಗ ಮಾತ್ರ.

ಆಮೇಲೆ ಡಾಕ್ಟ್ರ ಚೀಟಿ. ಬರೀ ‘ಎಂಆರ್‌ಐ ಬ್ರೈನ್’ ಅಂತ ಬರೆಸ್ಕೊಂಡು ಬರೋರೇ ಜಾಸ್ತಿ, ಅದ್ರಲ್ಲಿ ಮೆದುಳು ಚೆನ್ನಾಗಿ ಕಾಣುತ್ತೆ, ಕೂದಲೆಳೆಯಷ್ಟು ಬಿರುಕು ತಪ್ಪಿಹೋಗುತ್ತೆ. 2012ರಲ್ಲಿ ಆಕ್ಸ್‌ಫರ್ಡ್‌ನವರು ತಂದ ‘ಬ್ಲ್ಯಾಕ್ ಬೋನ್’, ಇಲ್ಲಾ ಮೂಳೆ ತೋರಿಸೋ ಇನ್ನೊಂದು ಬಗೆಯಾದ ‘ಜೀರೋ ಟಿಇ’ ಸೀಕ್ವೆನ್ಸ್ (ಎಂಆರ್‌ಐ ಚಿತ್ರ ತೆಗೆಯೋ ವಿಧಾನ) ಆ ಮೆಷಿನ್‌ನಲ್ಲಿದೆಯಾ ಅಂತ ಫೋನ್‌ನಲ್ಲೇ ಕೇಳಿ. ಇಲ್ಲ ಅಂದ್ರೆ ಬೇರೆ ಸೆಂಟರ್ ನೋಡಿ.

ಕೆಡೋದೆಲ್ಲ ನಿದ್ದೆ ಹತ್ರ. ಮಗು ಸ್ವಲ್ಪ ಅಲ್ಲಾಡಿದ್ರೂ ಬಿರುಕಿನ ಗೆರೆ ಕಲಸಿಹೋಗುತ್ತೆ. ಮೂರ‍್ನಾಲ್ಕು ತಿಂಗಳೊಳಗಿನ ಕೂಸಿಗೆ ಅನಸ್ತೇಶಿಯ ಇಲ್ದೇನೇ ಆಗುತ್ತೆ, ಆದ್ರೆ ಜನ ಮನೇಲೇ ಹೊಟ್ಟೆ ತುಂಬ ಹಾಲು ಕೊಟ್ಟು ಬರ್ತಾರೆ, ಅದು ಕಾರಲ್ಲಿ ನಿದ್ದೆ ಮುಗಿಸಿ ಇಲ್ಲಿಗೆ ಬಂದು ಕಣ್ಣರಳಿಸಿ ನೋಡುತ್ತೆ. ದಾರೀಲಿ ಮಲಗಿಸ್ಬೇಡಿ, ಒಂದು ಹೊತ್ತಿನ ಹಾಲು ಉಳಿಸ್ಕೊಂಡು ಬನ್ನಿ. ಉಡದಾರ, ಗೆಜ್ಜೆ, ಓಲೆ, ತಾಯಿತ ಎಲ್ಲ ಮೊದಲೇ ಬಿಚ್ಚಿ, ಯಾಕಂದ್ರೆ ಮಲಗಿದ್ಮೇಲೆ ಬಿಚ್ಚೋಕೆ ಹೋದ್ರೆ ಎದ್ದೇಳುತ್ತೆ. ಕಾಡಿಗೇನೂ ಒರೆಸಿ, ಅಂಗಡಿ ಕಾಡಿಗೇಲಿ ಲೋಹದ ಅಂಶ ಇದ್ರೆ ಕಣ್ಣಿನ ಸುತ್ತ ಇಮೇಜ್ ಕೆಡುತ್ತೆ. ಕಿವಿಗೆ ಪ್ಲಗ್ ಹಾಕಿಸಿ, ಅಲ್ಲೇ ಹಾಲು ಕೊಟ್ಟು, ತೇಗಿಸಿ, ಹಳೇ ಕಾಟನ್ ಪಂಚೇಲಿ ಬಿಗಿಯಾಗಿ ಸುತ್ತಿ. ಜಿಪ್ಪು, ಪ್ರೆಸ್ ಬಟನ್ ಇರೋ ರೆಡಿಮೇಡ್ ಸ್ವಾಡಲ್ ಬೇಡವೇ ಬೇಡ. ಕೈ ಎತ್ತಿ ಬಿಟ್ರೆ ಜೋತುಬೀಳೋಷ್ಟು ಗಾಢ ನಿದ್ದೆ ಬಂದ್ಮೇಲೆ ಒಳಗೆ ಕಳ್ಸಿ. ಕೆಮ್ಮಿನ ಸಿರಪ್ ಕುಡಿಸಿ ಮಲಗ್ಸೋ ಶಾರ್ಟ್‌ಕಟ್ ಅಪಾಯ. ದೊಡ್ಡ ಮಗುಗೆ ಅನಸ್ತೇಶಿಯ ಕೊಡೋದಾದ್ರೆ ಇದೆಲ್ಲ ಉಲ್ಟಾ, ಹೊಟ್ಟೆ ಖಾಲಿ ಇರ್ಬೇಕು, ಎದೆಹಾಲು ಸಾಮಾನ್ಯವಾಗಿ 4 ಗಂಟೆ, ಡಬ್ಬಿ ಹಾಲು 6 ಗಂಟೆ ಮೊದಲೇ ನಿಲ್ಲಿಸ್ಬೇಕು, ಹಾಗಾಗಿ ಯಾವ್ದು ಅಂತ ಹಿಂದಿನ ದಿನಾನೇ ಕೇಳ್ಕೊಳ್ಳಿ.

ರಿಪೋರ್ಟನ್ನ ಮಕ್ಕಳ ಸ್ಕ್ಯಾನ್ ನೋಡಿ ಅಭ್ಯಾಸ ಇರೋ ರೇಡಿಯಾಲಜಿಸ್ಟ್ ಹತ್ರಾನೇ ಬರೆಸಿ. ಎಳೇ ಬುರುಡೇಲಿ ಮೂಳೆ ಮೂಳೆ ಕೂಡೋ ಹೊಲಿಗೆಗಳೂ ಗೆರೆ ಥರಾನೇ ಕಾಣುತ್ತೆ. ಅವು ಸಾಮಾನ್ಯವಾಗಿ ಅಂಕುಡೊಂಕು, ಎರಡೂ ಕಡೆ ಒಂದೇ ಥರ, ಬಿರುಕು ನೆಟ್ಟಗೆ, ಹೆಚ್ಚಾಗಿ ಒಂದೇ ಕಡೆ. ಈ ಸ್ಕ್ಯಾನ್‌ನಲ್ಲಿ ಮೂಗಿನ ಅಕ್ಕಪಕ್ಕ ಗಾಳೀನೂ ಮೂಳೇನೂ ಎರಡೂ ಕಪ್ಪಗೆ ಕಾಣೋದ್ರಿಂದ ಅಲ್ಲಿ ಪೆಟ್ಟಾಗಿದ್ರೆ ಡಾಕ್ಟ್ರು ಸಿಟಿ ಕೇಳಬಹುದು, ಬೇಡ ಅಂತ ಹಟ ಮಾಡ್ಬೇಡಿ. ಹೊರಡೋವಾಗ ತ್ರೀಡಿ ಇಮೇಜ್ ಸಮೇತ ಸಿಡಿ ಇಸ್ಕೊಳ್ಳಿ, ಬರೀ ಫಿಲ್ಮ್ ಸಾಲ್ದು.