ಮೇಕೆ ಹಾಲು ವಾಸನೆ ಹೊಡೆಯುತ್ತಾ? ಮೊದಲು ಕೈ ಒಣಗಿಸಿ

ಮೇಕೆ ಹಾಲು ಅಂದ್ರೆ ಮೂಗು ಮುರಿಯುವವರೇ ಜಾಸ್ತಿ. ಶುಚಿಯಾಗಿ ಕರೆದ ತಾಜಾ ಹಾಲಿಗೆ ಅಂಥ ವಾಸನೆ ಇರುವುದಿಲ್ಲ. ಕೆಡಿಸುವುದು ನಮ್ಮ ಕೈ.

1. ದೊಡ್ಡಿಯೊಳಗೆ ಕರೆಯಬೇಡಿ. ಹೊರಗೆ ಒಣ ಜಾಗ ನೋಡಿ. ಹೋತವನ್ನು ದೂರ ಕಟ್ಟಿ, ಅದರ ವಾಸನೆ ಹಾಲಿಗೆ ಹಿಡಿಯುತ್ತದೆ. ಕೆಚ್ಚಲ ಸುತ್ತಿನ ಕೂದಲು ಕತ್ತರಿಸಿ.

2. ಪಾತ್ರೆ ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಗೀರುಗಳಲ್ಲಿ ಕೂತ ಜಿಡ್ಡು ಎಷ್ಟು ಉಜ್ಜಿದರೂ ಹೋಗಲ್ಲ.

3. ಜನ ಎಡವುವುದು ಇಲ್ಲೇ. ಚೊಂಬಿನಿಂದ ಕೆಚ್ಚಲಿಗೆ ನೀರು ಎರಚಿ, ಹಾಗೇ ಕುಕ್ಕರಗಾಲಲ್ಲಿ ಕೂತು ಕರೆಯಲು ಶುರು ಮಾಡುತ್ತಾರೆ. ಹಿಕ್ಕೆ, ಮೂತ್ರ, ದೂಳು ಎಲ್ಲ ಕರಗಿದ ಆ ನೀರು ಮೊಲೆತೊಟ್ಟಿನ ತುದಿಗೆ ಇಳಿದು ತೊಟ್ಟಿಕ್ಕುವುದು ನೇರ ಪಾತ್ರೆಗೆ. ಇದಕ್ಕಿಂತ ಒಣ ಬಟ್ಟೆಯಲ್ಲಿ ಒರೆಸಿ ಕರೆಯುವುದೇ ವಾಸಿ. ಕೊಳೆ ಇದ್ದರೆ ತೊಟ್ಟುಗಳನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ತುದಿಯೂ ಒಣಗುವಂತೆ ಒರೆಸಿ. ನಿಮ್ಮ ಕೈಯೂ ಒಣಗಿರಬೇಕು. ಒಂದೊಂದು ಮೇಕೆಗೂ ಬೇರೆ ಬಟ್ಟೆ. ಒಂದೇ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿದರೆ ಒಂದರ ಕೆಚ್ಚಲು ಬಾವು ಹತ್ತಕ್ಕೆ ಹಂಚಿದ ಹಾಗೆ.

ಮೊದಲ ಎರಡು ಮೂರು ಹಿಂಡು ಹಾಲನ್ನು ಲೋಟಕ್ಕೆ ಕಟ್ಟಿದ ಕಪ್ಪು ಬಟ್ಟೆಯ ಮೇಲೆ ಬಿಡಿ. ಗರಣೆ, ಎಳೆ, ಕೆಂಪು ಕಂಡರೆ ಆ ಮೇಕೆಯನ್ನು ಕೊನೆಗೆ ಕರೆದು, ಹಾಲು ಬೇರೆ ಇಡಿ. ವೈದ್ಯರಿಗೆ ತೋರಿಸಿ. ಔಷಧಿ ಕೊಟ್ಟರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಅವರನ್ನೇ ಕೇಳಿ.

ಕರೆಯುವುದು ಮುಷ್ಟಿಯಿಂದ. ಹೆಬ್ಬೆರಳು ಮಡಿಚಿ ಜಗ್ಗಬೇಡಿ, ತೊಟ್ಟಿನ ಒಳಗೆ ಗಾಯ ಆಗುತ್ತೆ. ಬೆರಳು ಜಾರಲಿ ಅಂತ ಹಾಲಲ್ಲಿ ಅದ್ದಿಕೊಳ್ಳುವ ಚಾಳಿಯನ್ನು ಇವತ್ತೇ ಬಿಡಿ.

4. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಲೇಬಲ್ ಇಲ್ಲದ ಬಾಟಲಿಯಲ್ಲಿ ಬರುವ ಅಗ್ಗದ ಕೆಂಪು ನೀರು ಕೊಳ್ಳಬೇಡಿ, ಅದರಲ್ಲಿ ಬಣ್ಣ ಬಿಟ್ಟು ಏನಿದೆಯೋ! ತೊಟ್ಟಿನ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಮಲಗದಂತೆ ಮುಂದೆ ಮೇವು ಹಾಕಿ.

5. ಸೋಸಿ, ತಣ್ಣೀರಿನ ತೊಟ್ಟಿಯಲ್ಲಿಟ್ಟು ತಣಿಸಿ, ಫ್ರಿಜ್ಜಿಗೆ ಸೇರಿಸಿ. ಬೆಳಗಿನ ತಣ್ಣನೆ ಹಾಲಿಗೆ ಸಂಜೆಯ ಬಿಸಿ ಹಾಲು ಸುರಿಯಬೇಡಿ.

ಇನ್ನು ಡೆಂಗಿ ಕಾಲ ಬಂತೆಂದರೆ ಪ್ಲೇಟ್‌ಲೆಟ್ ಏರುತ್ತೆ ಅಂತ ಹಸಿ ಮೇಕೆ ಹಾಲಿಗೆ ಜನ ಮುಗಿಬೀಳುತ್ತಾರೆ. ಅದು ಸಾಬೀತಾದ ಮದ್ದಲ್ಲ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಬರಬಹುದು. ವಾರಗಟ್ಟಲೆ ಜ್ವರ, ಕೀಲುನೋವು. ಕೊಂಡವರು ಯಾರೇ ಆಗಲಿ, ಕುದಿಸಿ ಕುಡಿಯಿರಿ ಅಂತ ಹೇಳಿಯೇ ಕೊಡಿ.