ವೇಕ್‌ಬೋರ್ಡಿಂಗ್‌ಗೆ ದೋಣಿಯ ಅಲೆಯನ್ನು ಹದಗೊಳಿಸುವ ಬಗೆ

ವೇಕ್‌ಬೋರ್ಡಿಂಗ್ ಎಂದರೆ ಮೋಟಾರು ದೋಣಿ ಎಳೆಯುವ ಹಗ್ಗ ಹಿಡಿದು, ಬೋರ್ಡಿನ ಮೇಲೆ ನಿಂತು ಅದರ ಅಲೆಯಿಂದ ಜಿಗಿಯುವ ಆಟ. ದೋಣಿಯ ತಳ ಬದಿಗೆ ತಳ್ಳಿದ ನೀರು ಹಿಂದೆ ಎರಡು ಏಣುಗಳಾಗಿ ಏಳುತ್ತದೆ; ಅದೇ ವೇಕ್. ತೂಕ ಹೆಚ್ಚಿದಷ್ಟೂ ತಳ ಆಳಕ್ಕಿಳಿದು ಅಲೆ ದೊಡ್ಡದಾಗುತ್ತದೆ. ಆದರೆ ಎತ್ತರಕ್ಕಿಂತ ಮೊದಲು ಅದರ ಅಂಚನ್ನು ನೋಡಬೇಕು. ಹಗ್ಗದ ತುದಿಯಲ್ಲಿ ಸವಾರ ಅಲೆಯನ್ನೇರುವ ಜಾಗದಲ್ಲಿ ನೀರು ಗಾಜಿನಂತೆ ನುಣುಪಾಗಿದ್ದರೆ ಬೋರ್ಡಿಗೆ ಗಟ್ಟಿ ಆಸರೆ ಸಿಗುತ್ತದೆ. ಅಂಚು ಕುಸಿದು ಬಿಳಿನೊರೆಯಾಗಿದ್ದರೆ ಜಿಗಿಯುವ ಹೊತ್ತಿಗೆ ಕಾಲಡಿಯ ನೀರೇ ಜಾರಿಹೋಗುತ್ತದೆ.

ಆದ್ದರಿಂದ ಹೆಚ್ಚುವರಿ ತೂಕವಿಲ್ಲದೆ ಆರಂಭಿಸಿ. ಹಗ್ಗ ಸುಮಾರು 20 ಮೀಟರ್, ವೇಗ ಗಂಟೆಗೆ 35 ಕಿಲೋಮೀಟರ್ ಆಸುಪಾಸು ಇರಲಿ; ಹೊಸಬರಿಗೆ ಎರಡನ್ನೂ ಕಡಿಮೆ ಮಾಡಿ. ವೇಗ ತಗ್ಗಿದರೆ ಅಲೆ ಕಡಿದಾಗಿ ನೊರೆಯೇಳುತ್ತದೆ, ಹೆಚ್ಚಿದರೆ ಗಟ್ಟಿಯಾಗಿ ತಿಳಿಯಾಗುತ್ತದೆ. ಒಂದೇ ಬದಿಯಲ್ಲಿ ನೊರೆ ಕಂಡರೆ ದೋಣಿ ವಾಲಿದೆಯೆಂದು ತಿಳಿಯಿರಿ. ಒಬ್ಬರನ್ನು ಆ ಬದಿಗೆ ಕೂರಿಸಿದರೆ ಸಾಮಾನ್ಯವಾಗಿ ಅಲೆ ಸರಿಹೋಗುತ್ತದೆ.

ಸಮತೋಲ ಸಿಕ್ಕ ಮೇಲೆಯೇ ನೀರಿನ ಚೀಲಗಳನ್ನು ಬಳಸಿ. ಒಂದು ಲೀಟರ್ ಒಂದು ಕಿಲೋ ತೂಗುವುದರಿಂದ 200 ಲೀಟರಿನ ಚೀಲವೆಂದರೆ ಸುಮಾರು ಮೂವರು ವಯಸ್ಕರ ಭಾರ. ಹಿಂದೆ ಇಟ್ಟ ತೂಕ ಅಲೆಯನ್ನು ಎತ್ತರವಾಗಿ, ಕಡಿದಾಗಿ ಏಳಿಸಿದರೆ, ಮುಂದೆ ಇಟ್ಟದ್ದು ಅದರ ಇಳಿಜಾರನ್ನು ಉದ್ದವಾಗಿಸಿ ಅಂಚನ್ನು ತಿಳಿಗೊಳಿಸುತ್ತದೆ. ಹಿಂದೆ ತುಸು ಹೆಚ್ಚಿಟ್ಟು, ಮುಂದಕ್ಕೆ ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೋಗುವುದು ನನಗೆ ಮೆಚ್ಚಿನ ಕ್ರಮ. ಚೀಲದ ಗಾಳಿಯನ್ನೆಲ್ಲ ಹಿಂಡಿ ತೆಗೆದು ಪೂರ್ತಿ ತುಂಬಿಸಿ, ಏಕೆಂದರೆ ಅರೆತುಂಬಿದ ಚೀಲದ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗಿ ದೋಣಿಯನ್ನು ವಾಲಿಸುತ್ತದೆ.

ಇಲ್ಲಿ ಎಚ್ಚರ ತಪ್ಪಬಾರದು. ಜನ, ಚೀಲ, ಸಾಮಾನು ಎಲ್ಲ ಸೇರಿದ ಭಾರ ದೋಣಿಯ ಫಲಕದಲ್ಲಿ ನಮೂದಿಸಿದ ಮಿತಿಯನ್ನು ಮೀರಕೂಡದು. ಮೂತಿ ತೀರ ಭಾರವಾದರೆ ವೇಗ ಇಳಿಸಿದಾಗ ಅದು ತಗ್ಗಿ, ಎದುರಿನ ಅಲೆ ಒಳಗೆ ನುಗ್ಗಬಹುದು.

ಹಿಂಬದಿಯಲ್ಲಿ ಟ್ರಿಮ್ ಫಲಕ, ಅಂದರೆ ನೀರಿಗೆ ಇಳಿಸಿ ಏರಿಸಬಹುದಾದ ತಟ್ಟೆ, ಇದ್ದರೆ, ಅದನ್ನು ಇಳಿಸಿದಾಗ ದೋಣಿಯ ಹಿಂಭಾಗ ಮೇಲೇಳುತ್ತದೆ, ಅಲೆ ತಗ್ಗುತ್ತದೆ. ಕಲಿಯುವವರಿಗೆ ಅದು ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಚಾಲಕ ಅಲೆಯನ್ನು ಕೆಡಿಸಿಬಿಡಬಹುದು. ಆಳವಾದ ನೀರಿನಲ್ಲಿ ನೇರವಾಗಿ ಸಾಗಬೇಕು. ಸವಾರ ಬಿದ್ದೊಡನೆ ವೇಗದಲ್ಲೇ ಸುತ್ತು ಹೊಡೆದರೆ ಎದ್ದ ತೆರೆಗಳು ಇಡೀ ದಾರಿಯಲ್ಲಿ ಹರಡುತ್ತವೆ. ವೇಗವನ್ನು ಪೂರ್ತಿ ಇಳಿಸಿ, ಮೆಲ್ಲನೆ ತಿರುಗಿ, ಬಂದ ದಾರಿಯಲ್ಲೇ ಮರಳಿ, ಸವಾರನ ಹತ್ತಿರ ಎಂಜಿನ್ ಆರಿಸಬೇಕು.

ಪ್ರತಿ ಸುತ್ತಿಗೂ ಒಂದನ್ನೇ ಬದಲಿಸಿ, ವೇಗ, ಹಗ್ಗದ ಉದ್ದ ಮತ್ತು ಪ್ರತಿ ಚೀಲದ ಲೀಟರ್ ಲೆಕ್ಕವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಬಾರಿ ಅಲ್ಲಿಂದಲೇ ಆರಂಭಿಸಬಹುದು.