ಎತ್ತರದ ಪಟ್ಟಿ, ಮಳೆಯ ಪಟ್ಟಿ: ಒಂದು ಕಾದಂಬರಿಯ ಸಿದ್ಧತೆ

ಕಾದಂಬರಿಗೆ ತೊಡಗುವ ಮುನ್ನ ಕಥೆಯ ಸಾರಾಂಶ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಯಾರು ಯಾರ ಮನೆ ಸೇರಿದರು, ಯಾರು ತೀರಿಕೊಂಡರು, ಕೊನೆಗೆ ಏನಾಯಿತು ಎಂಬುದೆಲ್ಲ ಮೊದಲೇ ಕಾಗದಕ್ಕಿಳಿದರೆ ಮುಂದಿನ ಬರವಣಿಗೆ ದಸ್ತಾವೇಜಿನ ನಕಲು ತೆಗೆದಂತೆ ಬೇಸರ ಹಿಡಿಸುತ್ತದೆ. ಆದರೆ ಊರಿನ ನೆಲ ಹೇಗಿದೆ, ಅಲ್ಲಿಯ ವರ್ಷದ ಕೆಲಸಗಳು ಯಾವ ಸರದಿಯಲ್ಲಿ ನಡೆಯುತ್ತವೆ ಎಂಬ ಎರಡು ಸಂಗತಿಗಳು ಖಚಿತವಾಗದೆ ನಾನು ಮೊದಲ ವಾಕ್ಯವನ್ನೂ ಬರೆಯುವುದಿಲ್ಲ. ಶರಾವತಿಯ ಮುಳುಗಡೆಯನ್ನು ಕುರಿತ ನನ್ನ ಕಾದಂಬರಿ ಹುಟ್ಟಿದ್ದೂ ಬೆಳೆದದ್ದೂ ಈ ಎರಡರಿಂದಲೇ.

ಶರಾವತಿಗೆ ಅಡ್ಡವಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅದರ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಈ ಸಂಖ್ಯೆಯೇ ನನಗೆ ಕಾದಂಬರಿಯ ರಚನೆಯನ್ನು ಒದಗಿಸಿತು. ಸಾಗರ ತಾಲ್ಲೂಕಿನ ಹೊಳೆದಂಡೆಯಲ್ಲಿ ಒಂದು ಊರನ್ನು ಕಲ್ಪಿಸಿಕೊಂಡು, ಸಮೋನ್ನತ ರೇಖೆಗಳಿರುವ ಭೂಪಟವೊಂದನ್ನು ಎದುರಿಗಿಟ್ಟುಕೊಂಡು, ಆ ಊರಿನ ಪ್ರತಿಯೊಂದು ಸ್ಥಳಕ್ಕೂ ಒಂದೊಂದು ಎತ್ತರವನ್ನು ಗೊತ್ತುಮಾಡಿದೆ. ಹೊಳೆದಂಡೆಯ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನಮಿಡಿ) ಮರಗಳು 1740 ಅಡಿ, ಗದ್ದೆ 1760, ಅಡಿಕೆ ತೋಟ 1790, ಮನೆ 1805, ದೇವಸ್ಥಾನ 1815, ಶಾಲೆ 1825. ನೀರು ಊರನ್ನು ಒಮ್ಮೆಲೇ ನುಂಗುವುದಿಲ್ಲ. ಮೊದಲು ಹಳ್ಳದ ಬಾಯಿಗೆ, ಬಳಿಕ ಗದ್ದೆಯ ಬದುವಿಗೆ, ಆಮೇಲೆ ತೋಟದ ಬಸಿಗಾಲುವೆಯಾದ ಕಪ್ಪಿಗೆ, ಹೀಗೆ ಹಂತಹಂತವಾಗಿ ಏರುತ್ತದೆ. ಅಧ್ಯಾಯಗಳನ್ನೂ ಇದೇ ಕ್ರಮದಲ್ಲಿ ಜೋಡಿಸಿದೆ. ಶಾಲೆ ಮುಳುಗುವುದಿಲ್ಲ, ಆದರೆ ಅಲ್ಲಿಗೆ ಬರುವ ಮಕ್ಕಳು ಇರುವುದಿಲ್ಲ ಎಂಬುದನ್ನು ಪಟ್ಟಿಯೇ ನನಗೆ ತಿಳಿಸಿತು.

ಅಣ್ಣತಮ್ಮಂದಿರ ಕಥೆಯೂ ಈ ಪಟ್ಟಿಯಿಂದಲೇ ಹೊರಟಿತು. ಹಿಸ್ಸೆಯಾದಾಗ ಅಣ್ಣನಿಗೆ ತೋಟ ಹೋಗಿತ್ತು. ಮೇಲಿನ ಬರಡು ಜಾಗ ತನಗೆ ಬಂತೆಂದು ತಮ್ಮ ವರ್ಷಗಟ್ಟಲೆ ಗೊಣಗಿದ್ದ. ಈಗ ಅಣ್ಣನದು ಮುಳುಗುತ್ತದೆ, ಪರಿಹಾರ ಬರುತ್ತದೆ. ತಮ್ಮನದು ಉಳಿಯುತ್ತದೆ, ಆದರೆ ಸುತ್ತ ಊರೇ ಇಲ್ಲದ ನೆಲವನ್ನು ಇಟ್ಟುಕೊಂಡು ಅವನು ಮಾಡುವುದೇನು? ತೋಟದ ಗೊಬ್ಬರಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟವೂ ಹಾಗೆಯೇ: ತೋಟ ನೀರಿನ ಅಡಿಗೆ ಹೋದ ಮೇಲೆ ಸೊಪ್ಪು ತಂದು ಹಾಕುವುದಾದರೂ ಎಲ್ಲಿಗೆ? ಇವರಿಬ್ಬರ ಜಗಳವನ್ನು ನಾನು ಹೆಣೆಯಬೇಕಾಗಿ ಬರಲಿಲ್ಲ, 1790 ಮತ್ತು 1819 ಎಂಬ ಅಂಕಿಗಳ ನಡುವೆ ಅದು ಮೊದಲೇ ಇತ್ತು.

ಎರಡನೆಯದು ಕಾಲದ ಪಟ್ಟಿ. ಮಲೆನಾಡಿನಲ್ಲಿ ಮಳೆಗಾಲದ ದಿನಗಳನ್ನು ತಾರೀಖಿಗಿಂತ ಮಳೆಯ ನಕ್ಷತ್ರದಿಂದ ಗುರುತಿಸುತ್ತಿದ್ದರು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮೇಲೆ ಬರೆದು, ಅವುಗಳ ಕೆಳಗೆ ಆಯಾ ಸಮಯದಲ್ಲಿ ಮನೆಯ ಪ್ರತಿಯೊಬ್ಬರೂ ಏನು ಮಾಡುತ್ತಿದ್ದಿರಬೇಕು ಎಂಬುದನ್ನು ನಮೂದಿಸುತ್ತೇನೆ. ಕೊಳೆರೋಗ ತಗಲದಂತೆ ಅಡಿಕೆ ಗೊನೆಗಳಿಗೆ ಮಳೆ ತಡೆಯುವ ಹಾಳೆಯ ಕೊಟ್ಟೆ ಕಟ್ಟಲು ಮರವೇರಿದವನು ಆ ಹೊತ್ತಿಗೆ ಪೇಟೆಯ ಕಚೇರಿಯಲ್ಲಿ ಅರ್ಜಿ ಹಿಡಿದು ನಿಲ್ಲಲಾರ. ಕೊನೆಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕುಳಿತವರ ನಡುವೆ ಎಷ್ಟು ದೊಡ್ಡ ಸುದ್ದಿಯೂ ಸುಲಭವಾಗಿ ಹರಡುತ್ತದೆ. ಆದ್ದರಿಂದ ಮುಳುಗಡೆಯ ಸುದ್ದಿಯನ್ನು ನಾನು ಊರಿಗೆ ತಂದದ್ದು ಸರ್ಕಾರಿ ನೋಟಿಸಿನ ಮೂಲಕವಲ್ಲ, ಅಡಿಕೆ ಸುಲಿಯುವ ಚಪ್ಪರದ ಮೂಲಕ. ಕಥೆ ಆರಂಭವಾಗುವುದು 1957ರಲ್ಲಿ. ಆ ವರ್ಷದ ಏಪ್ರಿಲ್ 1ರಿಂದ ನಯಾಪೈಸೆ ಚಲಾವಣೆಗೆ ಬಂದದ್ದರಿಂದ, ಅಜ್ಜಿ ಆಣೆಯಲ್ಲಿ ಲೆಕ್ಕ ಹೇಳಿದರೆ ಮೊಮ್ಮಗ ಪೈಸೆಯಲ್ಲಿ ಹೇಳುತ್ತಾನೆ. ಕಾಲ ಯಾವುದೆಂದು ತಿಳಿಸಲು ಬೇರೆ ವಾಕ್ಯ ಬೇಕಾಗುವುದಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಸಾಗರದ ಕಡೆಯ ನನ್ನ ಅತ್ತೆಗೆ ಓದಿ ಹೇಳುವುದು ವಾಡಿಕೆ. ಅವರು ಕಾದಂಬರಿ ಓದುವವರಲ್ಲ, ಆ ಕಾರಣಕ್ಕೇ ಅವರ ಕಿವಿಯ ಮೇಲೆ ನನಗೆ ಭರವಸೆ. ಕುಟುಂಬವೊಂದು ಫಾಲ್ಗುಣದಲ್ಲಿ ಗಾಡಿ ಕಟ್ಟುವ ಪ್ರಸಂಗ ಬಂದಾಗ ಅವರು ತಡೆದು, "ಮಿಡಿ ಕೊಯ್ಯದೇ ಯಾರು ಊರು ಬಿಡ್ತ ಕೂಸೇ?" ಎಂದರು. ಆ ಒಂದು ಪ್ರಶ್ನೆಯಿಂದ ಇಡೀ ಅಧ್ಯಾಯವೇ ದೊರೆಯಿತು: ಹೊಳೆದಂಡೆಯ ಮರವೇರಿ, ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಬುಟ್ಟಿಯಲ್ಲಿ ಹಗ್ಗಕಟ್ಟಿ ಇಳಿಸುವುದು, ತೊಟ್ಟಿನ ಸೊನೆ ಕೈಸುಡುವುದು, ಉಪ್ಪಿನಲ್ಲಿ ಮುರುಟಲು ಹಾಕಿದ ಜಾಡಿಯನ್ನು ಗಾಡಿಯಲ್ಲಿ ಯಾರ ಮಡಿಲಲ್ಲಿ ಇಡಬೇಕೆಂಬ ಚರ್ಚೆ. ಎತ್ತರದ ಪಟ್ಟಿಯಲ್ಲಿ ಆ ಮರಗಳೇ ಎಲ್ಲಕ್ಕಿಂತ ಕೆಳಗಿದ್ದುದರಿಂದ ಅಧ್ಯಾಯದ ಸ್ಥಾನವನ್ನು ಕುರಿತು ಯೋಚಿಸಬೇಕಾಗಲಿಲ್ಲ.

ಮೊದಲ ಕರಡನ್ನು ಕೈಯಲ್ಲಿಯೇ ಬರೆಯುತ್ತೇನೆ. ನೋಟ್‌ಬುಕ್ಕಿನ ಎಡಪುಟ ಕಥೆಗೆ, ಬಲಪುಟ ಪ್ರಶ್ನೆಗಳಿಗೆ ಮೀಸಲು: ಅಂದು ಬೆಳದಿಂಗಳಿತ್ತೇ, ಕಂದೀಲಿಗೆ ಸೀಮೆಎಣ್ಣೆ ಎಲ್ಲಿಂದ ಬರುತ್ತಿತ್ತು, ಈ ಮನುಷ್ಯ ಜಗಲಿ ಹತ್ತುತ್ತಾನೋ ಅಂಗಳದಲ್ಲೇ ನಿಲ್ಲುತ್ತಾನೋ. ಉತ್ತರ ಹುಡುಕಲು ಬರವಣಿಗೆಯನ್ನು ನಿಲ್ಲಿಸುವುದಿಲ್ಲ. ಹುಡುಕಾಟಕ್ಕೆ ಬೇರೆಯೇ ದಿನಗಳಿವೆ. ತಿದ್ದುವಾಗ ಹೆಚ್ಚಾಗಿ ಕತ್ತರಿ ಬೀಳುವುದು ವಿವರಣೆಗೆ. ಗೇಣಿ ಅಳೆಯುವ ಕೊಳಗದ ಅಳತೆಯ ಪ್ರಶ್ನೆಯಿಂದ ಎದ್ದ 1951ರ ಕಾಗೋಡು ಸತ್ಯಾಗ್ರಹ ಇದೇ ತಾಲ್ಲೂಕಿನಲ್ಲಿ ನಡೆದದ್ದು. ಅದರ ಹಿನ್ನೆಲೆಯನ್ನು ತಿಳಿಸುವ ದೀರ್ಘ ಭಾಗವೊಂದು ಕರಡಿನಲ್ಲಿತ್ತು. ಅದನ್ನು ತೆಗೆದು ಇಷ್ಟನ್ನು ಉಳಿಸಿದೆ: ಅಳೆಯುವವನು "ಲಾಭ, ಎರಡು, ಮೂರು" ಎಂದು ಎಣಿಸುತ್ತಿರಲು, ಕೊಳಗದ ಬಾಯಿಯ ಮೇಲೆ ಗೋಪುರವಾಗಿ ನಿಂತ ಭತ್ತವನ್ನು ಗೇಣಿದಾರ ತನ್ನ ಅಂಗೈಯಿಂದ ಸವರಿ ಸಮಮಾಡುತ್ತಾನೆ, ಒಡೆಯ ನೋಡುತ್ತಾನೆ, ಮಾತನಾಡುವುದಿಲ್ಲ. ಚರಿತ್ರೆ ಗೊತ್ತಿದ್ದವರಿಗೆ ಅಷ್ಟು ಸಾಕು, ಗೊತ್ತಿಲ್ಲದವರಿಗೂ ಇಬ್ಬರ ನಡುವೆ ಏನೋ ಬದಲಾಗಿದೆ ಎಂಬುದು ತಿಳಿಯುತ್ತದೆ.

ಬರೆಯುವ ತಿಂಗಳುಗಳಲ್ಲಿ ಬೇರೆಯವರ ಕಾದಂಬರಿ ಓದಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಭಾವಕ್ಕೆ ಹೆದರುವವರು ಪತ್ರಿಕೆಯನ್ನೂ ಓದಬಾರದು. ಆದರೆ ಆಗ ನನ್ನ ಓದು ಬೇರೆ ಬಗೆಯದು. ಮೂರು ತಲೆಮಾರುಗಳನ್ನು ಒಳಗೊಂಡ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಪೆನ್ಸಿಲ್ ಹಿಡಿದು ಓದುತ್ತ, ವರ್ಷಗಳು ಸರಿದುಹೋಗುವ ಜಾಗಗಳಿಗೆಲ್ಲ ಅಂಚಿನಲ್ಲಿ ಗೆರೆ ಎಳೆದೆ. ಕಥೆಗಾರ ಎಲ್ಲಿ ನಿಂತು ನೋಡುತ್ತಾನೆ, ಎಲ್ಲಿ ದಾಟಿಹೋಗುತ್ತಾನೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕಾದಂಬರಿಗಳಷ್ಟೇ ಪ್ರೀತಿಯಿಂದ ಹಳೆಯ ಪಹಣಿ, ಪಾಲುಪಟ್ಟಿ, ಮನೆಯ ಲೆಕ್ಕದ ಪುಸ್ತಕಗಳನ್ನೂ ಓದುತ್ತೇನೆ.

ನನ್ನ ಕರಡಿನ ಕೊನೆಯ ಓದು ಪುಟಗಳ ಕ್ರಮದಲ್ಲಿ ನಡೆಯುವುದಿಲ್ಲ. ಒಂದು ಪಾತ್ರವನ್ನು ಆರಿಸಿಕೊಂಡು, ಅದು ಬರುವ ಪುಟಗಳನ್ನಷ್ಟೇ ಒಂದೇ ಬೈಠಕ್ಕಿನಲ್ಲಿ ಓದುತ್ತೇನೆ. ಹಾಗೆ ಓದಿದಾಗ ತಮ್ಮನ ಹೆಂಡತಿ ಕಾದಂಬರಿಯುದ್ದಕ್ಕೂ ದುಡಿಯುತ್ತಾಳೆಯೇ ಹೊರತು ಆಸ್ತಿಯ ವಿಚಾರದಲ್ಲಿ ಬಾಯಿ ತೆರೆಯುವುದೇ ಇಲ್ಲವೆಂಬುದು ಕಂಡಿತು. ಆ ಮನೆಯಲ್ಲಿ ಅದು ಸಹಜವೇ, ಹಾಗಾಗಿ ಅವಳ ಬಾಯಿಗೆ ಹೊಸ ಮಾತು ಹಾಕಲಿಲ್ಲ. ಅಣ್ಣನ ಪರಿಹಾರದ ಹಣ ಮನೆಗೆ ಬಂದ ದಿನ ಅದನ್ನು ಎಣಿಸುವ ಕೆಲಸವನ್ನು ಮಾತ್ರ ಅವಳ ಕೈಗೆ ಕೊಟ್ಟೆ.